ಸಿಸ್ಟಂ ಸ್ಲೋ ಐತಿ ಅನ್ನೋ ಮುಂಚೆ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಮನೆಯ ಮೂಲೆಯಲ್ಲಿ ಹತ್ತು ವರ್ಷದಿಂದ ಓಡುತ್ತಿರುವ ಕಂಪ್ಯೂಟರನ್ನು ಏನು ಮಾಡುವುದು ಎಂಬ ಪ್ರಶ್ನೆ ಅಂದಿನಿಂದ ಬಳ್ಳಾರಿಯ ರಿಪೇರಿ ಅಂಗಡಿಗಳಿಗೆ ದಿನವೂ ಬರುತ್ತಿದೆ. ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ. ಒಂದು, ‘ಇದು ಹಳೇದಾತು, ಹೊಸದು ತಗೊಳ್ರಿ’. ಇನ್ನೊಂದು, ‘ರ‍್ಯಾಮ್ ಹಾಕಿಸ್ರಿ, ಎಲ್ಲ ಸರಿ ಆಗ್ತೈತಿ’. ಎರಡನ್ನೂ ಪೆಟ್ಟಿಗೆಯ ತಿರುಪು ಬಿಚ್ಚುವ ಮೊದಲೇ ಹೇಳಿಬಿಡುತ್ತಾರೆ ಎಂಬುದೇ ನನ್ನ ತಕರಾರು. ಯಂತ್ರ ಎಲ್ಲಿ ಕಾಯುತ್ತಾ ಕೂತಿದೆ ಎಂದು ನೋಡದೆ ಖರ್ಚು ಮಾಡಿದ ದುಡ್ಡು ಅರ್ಧಕ್ಕರ್ಧ ದಂಡ.

ನೋಡುವುದಕ್ಕೆ ಇಂಜಿನಿಯರ್ ಬೇಕಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’ ಎಂಬ ಪುಟವಿದೆ. ಕಂಪ್ಯೂಟರ್ ಒದ್ದಾಡುತ್ತಿರುವಾಗಲೇ ಅದನ್ನು ತೆರೆದಿಡಿ. ಹಳೆಯ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ ಚಿತ್ರ ಹೀಗಿರುತ್ತದೆ: ಪ್ರೊಸೆಸರ್ ಶೇ 15ರಲ್ಲೋ 20ರಲ್ಲೋ ಆರಾಮಾಗಿದೆ, ಡಿಸ್ಕ್ ಮಾತ್ರ ಶೇ 100ಕ್ಕೆ ಅಂಟಿಕೊಂಡು ಕೆಳಗಿಳಿಯುತ್ತಲೇ ಇಲ್ಲ. ಹಾಗಿದ್ದರೆ ನಿಮ್ಮ ಕಂಪ್ಯೂಟರಿಗೆ ಬುದ್ಧಿ ಕಡಿಮೆಯಾಗಿಲ್ಲ. ಹಾರ್ಡ್ ಡಿಸ್ಕ್ ಹುಡುಕಿ ಕೊಡುವ ತನಕ ಅದು ಸುಮ್ಮನೆ ಕಾಯುತ್ತಿದೆ, ಅಷ್ಟೆ.

ಈ ಕಾಯುವಿಕೆ ಎಷ್ಟು ದೊಡ್ಡದು ಎಂದು ಲೆಕ್ಕ ಹಾಕಿದರೆ ಬೆರಗಾಗುತ್ತದೆ. ಡೆಸ್ಕ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, 4 ಮಿಲಿಸೆಕೆಂಡ್. ಅದಕ್ಕೂ ಮೊದಲು ಮುಳ್ಳು ಸರಿಯಾದ ಜಾಡಿಗೆ ಸರಿಯಬೇಕು, ಅದಕ್ಕೆ ಇನ್ನೊಂದು 8–9 ಮಿಲಿಸೆಕೆಂಡ್. ಒಂದು ಚೂರು ಹುಡುಕಲು ಒಟ್ಟು 12–13 ಮಿಲಿಸೆಕೆಂಡ್ ಹಿಡಿಯಿತು ಎಂದರೆ ಸೆಕೆಂಡಿಗೆ ಎಪ್ಪತ್ತೆಂಬತ್ತು ಚೂರುಗಳನ್ನಷ್ಟೇ ತರಬಹುದು. ಲ್ಯಾಪ್‌ಟಾಪಿನ 5400 ಸುತ್ತಿನ ಡಿಸ್ಕ್ ಇನ್ನೂ ನಿಧಾನ. ವಿಂಡೋಸ್ ಏಳುವಾಗ ಕೇಳುವುದು ಇಂಥ ಸಾವಿರಾರು ಸಣ್ಣ ಚೂರುಗಳನ್ನು. ಡಿಸ್ಕಿನ ಡಬ್ಬಿಯ ಮೇಲೆ ಸೆಕೆಂಡಿಗೆ 150 ಎಂಬಿ ಎಂದು ಬರೆದಿರುವುದು ಸುಳ್ಳಲ್ಲ. ಆದರೆ ಅದು ಒಂದೇ ದೊಡ್ಡ ಸಿನಿಮಾ ಫೈಲನ್ನು ಸಾಲಾಗಿ ಓದುವಾಗಿನ ವೇಗ. ಸಣ್ಣ ಚೂರುಗಳನ್ನು ಅಲ್ಲೊಂದು ಇಲ್ಲೊಂದು ಹೆಕ್ಕುವಾಗ ಅದೇ ಡಿಸ್ಕ್ ಸೆಕೆಂಡಿಗೆ ಒಂದು ಎಂಬಿಯನ್ನೂ ಕೊಡಲಾರದು.

ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡಾಡುವ ಮುಳ್ಳೂ ಇಲ್ಲ. ಮಾಹಿತಿ ಇರುವುದು ಫ್ಲ್ಯಾಷ್ ಚಿಪ್ಪಿನಲ್ಲಿ. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ರೂಪಿಸಿದ ತಂತ್ರ ಇದು. ಒಂದು ಚೂರನ್ನು ತಲುಪಲು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು, ಅಂದರೆ ಹಾರ್ಡ್ ಡಿಸ್ಕಿಗಿಂತ ನೂರು ಪಟ್ಟಿಗೂ ಹೆಚ್ಚು ಬೇಗ. ಇಲ್ಲಿರುವ ಲಾಭ ‘ಸೆಕೆಂಡಿಗೆ ಇಷ್ಟು ಎಂಬಿ’ ಎಂಬ ಜಾಹೀರಾತಿನ ಅಂಕಿಯಲ್ಲಿಲ್ಲ, ಈ ಹುಡುಕಾಟ ತಪ್ಪುವುದರಲ್ಲಿದೆ. ಇದು ಅರ್ಥವಾದರೆ ಮುಂದಿನ ಎಷ್ಟೋ ಗೊಂದಲ ತಾನಾಗಿ ಕರಗುತ್ತದೆ.

ಹಾಗಾದರೆ ರ‍್ಯಾಮ್ ಎಲ್ಲಿ ಬಂತು? ಬಳ್ಳಾರಿಯ ಕೌಲ್‌ಬಜಾರಿನ ಜೀನ್ಸ್ ಹೊಲಿಗೆ ಮನೆಯನ್ನು ನೆನೆಸಿಕೊಳ್ಳಿ. ಬಟ್ಟೆಯ ಥಾನುಗಳು ಗೋದಾಮಿನಲ್ಲಿರುತ್ತವೆ, ಕತ್ತರಿಸುವುದು ಮಾತ್ರ ಮೇಜಿನ ಮೇಲೆ. ಮೇಜು ಚಿಕ್ಕದಾದರೆ ಹಾಸಿದ ಬಟ್ಟೆಯನ್ನು ಮತ್ತೆ ಮಡಚಿ ಗೋದಾಮಿಗೆ ಹೊತ್ತು ಇನ್ನೊಂದನ್ನು ತರಬೇಕು. ರ‍್ಯಾಮ್ ಆ ಮೇಜು, ಡಿಸ್ಕ್ ಆ ಗೋದಾಮು. ರ‍್ಯಾಮ್ ತುಂಬಿದಾಗ ವಿಂಡೋಸ್ ತಾತ್ಕಾಲಿಕವಾಗಿ ಬೇಡದ್ದನ್ನು ಡಿಸ್ಕಿನ ಒಂದು ಫೈಲಿಗೆ ಸಾಗಿಸಿ, ಬೇಕಾದಾಗ ವಾಪಸು ತರುತ್ತದೆ. ಹಾಗಾಗಿ ‘ಡಿಸ್ಕ್ ಶೇ 100’ ಎಂದು ಕಂಡರೂ ನಿಜವಾದ ಕೊರತೆ ಕೆಲವೊಮ್ಮೆ ರ‍್ಯಾಮಿನದು. ಅದೇ ಪುಟದಲ್ಲಿ ಮೆಮೊರಿಯ ಅಂಕಿಯನ್ನೂ ನೋಡಿ. ನೀವು ದಿನಾ ಬಳಸುವ ಎಲ್ಲವನ್ನೂ ತೆರೆದಿಟ್ಟಾಗ ಅದು ಶೇ 85 ದಾಟಿ ಅಲ್ಲೇ ನಿಂತರೆ ಮೇಜು ಸಾಲದು ಎಂದರ್ಥ. ಶೇ 50–60ರಲ್ಲಿದ್ದರೆ ಇನ್ನಷ್ಟು ರ‍್ಯಾಮ್ ಹಾಕಿಸಿದರೂ ಕಾಣುವಂಥ ಫಲವಿಲ್ಲ. ಖಾಲಿ ಬಿದ್ದ ರ‍್ಯಾಮ್ ಯಾವ ಕೆಲಸವನ್ನೂ ಬೇಗ ಮಾಡಿಕೊಡುವುದಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಸಿರುಗುಪ್ಪದಲ್ಲಿ ಭತ್ತದ ನೋಂದಣಿಗೆ ಕೂತಾಗ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವಾಗ ಚಕ್ರ ತಿರುಗುತ್ತಲೇ ಇದ್ದರೆ ಅದು ನಿಮ್ಮ ಕಂಪ್ಯೂಟರಿನ ತಪ್ಪಲ್ಲದಿರಬಹುದು. ಅದೇ ಪುಟವನ್ನು ಮೊಬೈಲಿನಲ್ಲಿ ತೆರೆದು ನೋಡಿ. ಅಲ್ಲೂ ಹಾಗೇ ತಿರುಗಿದರೆ ಸರ್ವರಿನ ಗೋಳು. ಅದಕ್ಕೆ ಯಾವ ಎಸ್‌ಎಸ್‌ಡಿಯೂ ಮದ್ದಲ್ಲ. ಮದರ್‌ಬೋರ್ಡಿನ ಗಡಿಯಾರದ ಬ್ಯಾಟರಿ ಸತ್ತು, ದಿನಾಂಕ ಹಳೆಯ ವರ್ಷಕ್ಕೆ ಹೋಗಿ, ಸುರಕ್ಷಿತ ಜಾಲತಾಣಗಳು ತೆರೆಯದೇ ಇರುವುದೂ ಉಂಟು. ಗುಂಡಿಯಂಥ ಸಿಆರ್2032 ಬ್ಯಾಟರಿ ಬದಲಿಸಿದರೆ ಮುಗಿಯಿತು. ಅಷ್ಟಕ್ಕೇ ಹೊಸ ಕಂಪ್ಯೂಟರ್ ಕೊಂಡವರೂ ಇದ್ದಾರು.

ಈಗ ಪೆಟ್ಟಿಗೆ ಬಿಚ್ಚೋಣ. ಏನು ಹಾಕಬಹುದು ಎಂದು ನಿರ್ಧರಿಸುವುದು ಅಂಗಡಿಯವರೂ ಅಲ್ಲ, ನೀವೂ ಅಲ್ಲ, ಮದರ್‌ಬೋರ್ಡು. ಅದರ ಮಾದರಿಯನ್ನು ಬೋರ್ಡಿನ ಮೇಲೇ ಅಚ್ಚು ಹಾಕಿರುತ್ತಾರೆ. ನಮ್ಮೂರಿನ ಮನೆಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಸಿಗುವ ಹಳೆಯ ಇಂಟೆಲ್ ಯಂತ್ರಗಳನ್ನು ಸ್ಥೂಲವಾಗಿ ಹೀಗೆ ಗುರುತಿಸಬಹುದು. ಎಚ್61 ಬೋರ್ಡು, ಎರಡನೆಯ ಅಥವಾ ಮೂರನೆಯ ತಲೆಮಾರಿನ ಐ3, ಐ5 ಇದ್ದರೆ ರ‍್ಯಾಮ್ ಡಿಡಿಆರ್3, ಡಿಸ್ಕಿನ ದಾರಿ ಹಳೆಯ ಸಾಟಾ, ಸೆಕೆಂಡಿಗೆ ಹೆಚ್ಚೆಂದರೆ 280 ಎಂಬಿ. ಎಚ್81 ಬೋರ್ಡು, ನಾಲ್ಕನೆಯ ತಲೆಮಾರಾದರೆ ಅದೂ ಡಿಡಿಆರ್3, ಸ್ಲಾಟ್ ಎರಡೇ, ಒಟ್ಟು 16 ಜಿಬಿಯ ಮಿತಿ. ಆದರೆ ಅದರ ನಾಲ್ಕು ಸಾಟಾ ಕಿಂಡಿಗಳಲ್ಲಿ ಎರಡು ಹೊಸ ವೇಗದವು, ಇನ್ನೆರಡು ಹಳೆಯವು. ಬೋರ್ಡು ತಯಾರಿಸಿದವರು ಬೇರೆ ಬಣ್ಣ ಕೊಟ್ಟೋ ಪಕ್ಕದಲ್ಲಿ ಸಣ್ಣದಾಗಿ ಬರೆದೋ ಇರುತ್ತಾರೆ. ಎಸ್‌ಎಸ್‌ಡಿಯನ್ನು ವೇಗದ ಕಿಂಡಿಗೇ ಸಿಕ್ಕಿಸಿ ಎಂದು ಕೇಳಿ ಹಾಕಿಸಿಕೊಳ್ಳಿ. ಆರು, ಏಳನೆಯ ತಲೆಮಾರಿನ ಎಚ್110ರಲ್ಲಿ ಸಾಮಾನ್ಯವಾಗಿ ಡಿಡಿಆರ್4, ಕೆಲವು ಬೋರ್ಡುಗಳಲ್ಲಿ ಮಾತ್ರ ಡಿಡಿಆರ್3.

ಎಚ್61ರವರು ‘ನಮ್ಮದು ಹಳೆ ಸಾಟಾ, ಎಸ್‌ಎಸ್‌ಡಿ ಹಾಕಿ ಏನು ಪ್ರಯೋಜನ’ ಎಂದು ಹಿಂದೆ ಸರಿಯುತ್ತಾರೆ. ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿ. ಹಾರ್ಡ್ ಡಿಸ್ಕ್ ಸೋಲುತ್ತಿರುವುದು ದಾರಿಯ ಅಗಲದಿಂದಲ್ಲ, ಹುಡುಕಾಟದಿಂದ. ಹಳೆಯ ಸಾಟಾದಲ್ಲೂ ಎಸ್‌ಎಸ್‌ಡಿ ಆ ಹುಡುಕಾಟವನ್ನು ಪೂರ್ತಿ ತಪ್ಪಿಸುತ್ತದೆ. ಬಯಾಸಿನಲ್ಲಿ ಡಿಸ್ಕಿನ ವಿಧಾನ ಐಡಿಇ ಎಂದಿದ್ದರೆ ಎಎಚ್‌ಸಿಐ ಮಾಡಿ ನಂತರವೇ ವಿಂಡೋಸ್ ಹಾಕಿಸಬೇಕು, ಅಷ್ಟೇ.

ಇದೇ ಕಾರಣಕ್ಕೆ ನಾನು ಮನೆಬಳಕೆಯವರಿಗೆ ಸಾಟಾಕ್ಕಿಂತ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಯ ಆಸೆ ಹುಟ್ಟಿಸುವುದಿಲ್ಲ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ, ಎನ್‌ವಿಎಂಇ 3500, ಹೊಸದಾದರೆ 7000. ಕಾಗದದ ಮೇಲೆ ಹತ್ತು ಪಟ್ಟಿಗೂ ಮೀರಿದ ಅಂತರ. ಆದರೆ ವಿಂಡೋಸ್ ಏಳುವುದರಲ್ಲಿ, ಬ್ರೌಸರ್ ತೆರೆಯುವುದರಲ್ಲಿ, ನುಡಿಯಲ್ಲಿ ಟೈಪ್ ಮಾಡುವುದರಲ್ಲಿ ಒಂದೆರಡು ಸೆಕೆಂಡಿನ ವ್ಯತ್ಯಾಸವೂ ಕಾಣುವುದು ಕಷ್ಟ. ನಿಮ್ಮ ಬೋರ್ಡಿನಲ್ಲಿ ಅದರ ಸ್ಲಾಟ್ ಇದ್ದು, ಬೆಲೆಯೂ ಸರಿಸಮ ಇದ್ದರೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಅದಕ್ಕಾಗಿ ಅಡಾಪ್ಟರ್ ಕಾರ್ಡು ಹುಡುಕಿಕೊಂಡು ಹೋಗಬೇಡಿ. ಎಚ್61, ಎಚ್81 ಬೋರ್ಡುಗಳು ಎನ್‌ವಿಎಂಇಯಿಂದ ನೇರವಾಗಿ ಬೂಟ್ ಆಗುವುದೂ ಸಾಮಾನ್ಯವಾಗಿ ಸಾಧ್ಯವಿಲ್ಲ. ಲ್ಯಾಪ್‌ಟಾಪ್ ಇರುವವರಿಗೆ ಒಂದು ಬಲೆ ಇದೆ. ಎಂ.2 ಎಂಬುದು ಸ್ಲಾಟಿನ ಆಕಾರದ ಹೆಸರು. ಅದರೊಳಗೆ ಸಾಟಾ ಓಡುತ್ತದೋ ಎನ್‌ವಿಎಂಇ ಓಡುತ್ತದೋ ಎಂಬುದು ಬೇರೆಯೇ ಮಾತು. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಎಂ.2 ಸಾಟಾವನ್ನು ಮಾತ್ರ ಒಪ್ಪುತ್ತದೆ. ಎನ್‌ವಿಎಂಇ ತಂದು ಕೂರಿಸಿದರೆ ಸ್ಲಾಟಿನೊಳಗೆ ಕೂತೀತು, ಆದರೆ ಕಂಪ್ಯೂಟರಿಗೆ ಅದು ಕಾಣುವುದೇ ಇಲ್ಲ. ಕಂಪನಿಯ ಸರ್ವಿಸ್ ಕೈಪಿಡಿ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ಮೊದಲು ಅದನ್ನು ನೋಡಿ.

ರ‍್ಯಾಮಿನ ವಿಷಯದಲ್ಲಿ ಗೊಂದಲ ಕಡಿಮೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಕಚ್ಚೇ ಬೇರೆ ಬೇರೆ ಜಾಗದಲ್ಲಿದೆ. ಡಿಡಿಆರ್3 ನಡೆಯುವುದು 1.5 ವೋಲ್ಟಿನಲ್ಲಿ, ಡಿಡಿಆರ್4 ನಡೆಯುವುದು 1.2ರಲ್ಲಿ. ಲ್ಯಾಪ್‌ಟಾಪಿನ ಸ್ಟಿಕ್ ಚಿಕ್ಕದು, ಡೆಸ್ಕ್‌ಟಾಪಿನದು ಉದ್ದ. ಕೆಲವು ಲ್ಯಾಪ್‌ಟಾಪ್‌ಗಳಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಮಾತ್ರವೇ ಆಗುತ್ತದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎರಡರಲ್ಲಿ ಎಷ್ಟು ಸ್ಲಾಟ್ ತುಂಬಿದೆ, ವೇಗ ಎಷ್ಟು ಎಂದು ಬರೆದಿರುತ್ತದೆ. ಅದರ ಫೋಟೋ ತೆಗೆದುಕೊಂಡು ಅಂಗಡಿಗೆ ಹೋದರೆ ಅರ್ಧ ಕೆಲಸ ಮುಗಿದಂತೆ. ವೇಗದ ಅಂಕಿಗೆ ಹೆಚ್ಚು ದುಡ್ಡು ಕೊಡಬೇಡಿ. ಎಚ್110 ಬೋರ್ಡಿಗೆ 3200ರ ಸ್ಟಿಕ್ ಹಾಕಿದರೂ ಅದು ಓಡುವುದು 2133ರಲ್ಲೋ 2400ರಲ್ಲೋ. 4 ಜಿಬಿ ಒಂದಿದ್ದರೆ ಪಕ್ಕಕ್ಕೆ ಇನ್ನೊಂದು 4 ಹಾಕುವುದು ಒಳ್ಳೆಯದು, ಎರಡೂ ಜೋಡಿಯಾಗಿ ದುಡಿಯುತ್ತವೆ. 8 ಹಾಕಿದರೂ ನಡೆಯುತ್ತದೆ, ಆಗ ಮೊದಲ ನಾಲ್ಕು ನಾಲ್ಕು ಜೋಡಿಯಾಗಿ, ಮಿಕ್ಕದ್ದು ಒಂಟಿಯಾಗಿ ಓಡುತ್ತದೆ. ಇನ್ನೂ 32 ಬಿಟ್ ವಿಂಡೋಸ್ ಇಟ್ಟುಕೊಂಡವರು ಎಷ್ಟು ರ‍್ಯಾಮ್ ತುಂಬಿದರೂ ಅದಕ್ಕೆ ಕಾಣುವುದು 4 ಜಿಬಿಯ ಒಳಗೆ. ಅವರು ಮೊದಲು 64 ಬಿಟ್ ವಿಂಡೋಸ್ ಹಾಕಿಸಬೇಕು.

ಎಷ್ಟು ಬೇಕು? ಸಿರುಗುಪ್ಪದ ಅಕ್ಕಿ ಗಿರಣಿಯ ಲೆಕ್ಕ ಬರೆಯುವವರಿಗೆ, ಅಂದರೆ ಟ್ಯಾಲಿ, ಜಿಎಸ್‌ಟಿ ಪೋರ್ಟಲ್, ಎರಡು ಮೂರು ಬ್ರೌಸರ್ ಪುಟ, ಪ್ರಿಂಟರ್ ಇಷ್ಟೇ ಇರುವವರಿಗೆ 8 ಜಿಬಿ ಧಾರಾಳ. ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗಿಗೆ ಕೋಡಿಂಗ್ ತಂತ್ರಾಂಶ, ಇಪ್ಪತ್ತು ಟ್ಯಾಬು, ನಡುವೆ ಆನ್‌ಲೈನ್ ತರಗತಿ ಎಂದರೆ 16 ಬೇಕಾದೀತು. ಕುರುಗೋಡಿನಲ್ಲಿ ದೊಡ್ಡಬಸವೇಶ್ವರ ಜಾತ್ರೆಯ ವಿಡಿಯೋ, ಮದುವೆಯ 4ಕೆ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋದವರ ಕತೆ ಬೇರೆ. ಅವರಿಗೆ 16 ಕನಿಷ್ಠ, 32 ಹಿತ. ಆದರೆ 4ನೆಯ ತಲೆಮಾರಿನ ಐ3ಕ್ಕೆ 16 ಜಿಬಿ ತುಂಬಿಸಿ 4ಕೆ ಎಡಿಟ್ ಮಾಡುತ್ತೇನೆ ಎಂದು ಹೊರಟರೆ ಅಡ್ಡಿಯಾಗುವುದು ಪ್ರೊಸೆಸರ್. ಆ ಯಂತ್ರದ ಮೇಲೆ ದುಡ್ಡು ಸುರಿಯಬಾರದು. 4 ಜಿಬಿಯಲ್ಲೇ ಇರುವವರ ಮಾತು ಹೇಳಬೇಕಾಗಿಯೇ ಇಲ್ಲ. ವಿಂಡೋಸ್ ಎದ್ದು ಕೂರುವಷ್ಟಕ್ಕೇ ಅದರಲ್ಲಿ ಅರ್ಧ ಹೋಗಿರುತ್ತದೆ, ಬೋರ್ಡಿನೊಳಗಿನ ಗ್ರಾಫಿಕ್ಸ್ ಇನ್ನೊಂದಿಷ್ಟನ್ನು ತನ್ನ ಪಾಲಿಗೆ ಎತ್ತಿಟ್ಟುಕೊಂಡಿರುತ್ತದೆ.

ಬೆಲೆಯ ಸಂಗತಿ ಈಗ ಕಹಿಯಾಗಿದೆ. ಜಗತ್ತಿನ ರ‍್ಯಾಮ್ ಚಿಪ್ಪಿನ ಬಹುಪಾಲು ತಯಾರಿಸುವವರು ಮೂವರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಹೆಚ್ಚಾದ್ದರಿಂದ ಕಾರ್ಖಾನೆಗಳು ಆ ಕಡೆ ವಾಲಿದವು. 2025ರ ಕೊನೆಯ ತಿಂಗಳುಗಳಲ್ಲಿ ಮನೆಬಳಕೆಯ ರ‍್ಯಾಮ್ ಬೆಲೆ ನೋಡನೋಡುತ್ತ ದುಪ್ಪಟ್ಟು ದಾಟಿತು. ಅದೇ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರದಿಂದಲೇ ಹೊರಬರುವುದಾಗಿ ಹೇಳಿತು. ನಮ್ಮೂರಿನ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಹಾಕಿರುವ ಸ್ಟಿಕ್ ಅದೇ ಹೆಸರಿನದು. ಎಸ್‌ಎಸ್‌ಡಿಗೂ ಇದರ ಬಿಸಿ ತಟ್ಟಿದೆ.

ಹಾಗಾಗಿ ಹಳೆಯ ರ‍್ಯಾಮ್ ಕೊಳ್ಳಬಹುದೇ ಎಂದು ಕೇಳುತ್ತಾರೆ. ಕೊಳ್ಳಬಹುದು ಎನ್ನುತ್ತೇನೆ. ಡಿಡಿಆರ್3 ಬೇಕಾದವರಿಗೆ ಅದು ಹೆಚ್ಚೂಕಡಿಮೆ ಒಂದೇ ದಾರಿ. ರ‍್ಯಾಮ್ ಬಳಸಿದಷ್ಟೂ ಸವೆಯುವ ವಸ್ತುವಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹೋಗಿಬರುವ ರಿಪೇರಿಯವರು ಕಂಪನಿಗಳಿಂದ ಕಳಚಿ ಬಂದ ಯಂತ್ರಗಳ ಸ್ಟಿಕ್ಕುಗಳನ್ನು ತರುತ್ತಾರೆ. ಹಾಕಿಸಿಕೊಂಡ ಮೇಲೆ ವಿಂಡೋಸಿನ ಮೆಮೊರಿ ಡಯಾಗ್ನಾಸ್ಟಿಕ್ ಪರೀಕ್ಷೆಯನ್ನು, ಸಾಧ್ಯವಾದರೆ ಮೆಮ್‌ಟೆಸ್ಟ್86 ಅನ್ನು, ಒಂದು ರಾತ್ರಿ ಓಡಿಸಿ. ಒಂದು ತಪ್ಪು ತೋರಿದರೂ ವಾಪಸು ಕೊಡುವ ಮಾತು ಮೊದಲೇ ಆಗಿರಲಿ. ‘ಎಎಂಡಿಗೆ ಮಾತ್ರ’ ಎಂದು ಅರ್ಧ ಬೆಲೆಗೆ ಸಿಗುವ ಡಿಡಿಆರ್3 ಸ್ಟಿಕ್ ಇಂಟೆಲ್ ಬೋರ್ಡಿನಲ್ಲಿ ನಡೆಯುವುದಿಲ್ಲ, ಅದರ ಗೊಡವೆ ಬೇಡ. ಎಸ್‌ಎಸ್‌ಡಿ ಮಾತ್ರ ಸೆಕೆಂಡ್‌ಹ್ಯಾಂಡ್ ಬೇಡವೇ ಬೇಡ. ಅದು ಬರೆದಷ್ಟೂ ಸವೆಯುತ್ತದೆ.

ಹೊಸ ಎಸ್‌ಎಸ್‌ಡಿಯ ವಿಷಯದಲ್ಲಾದರೆ ಈ ಸವೆತದ ಭಯವನ್ನು ಜನ ವಿಪರೀತ ಬೆಳೆಸಿಕೊಂಡಿದ್ದಾರೆ. ಎಷ್ಟು ಟೆರಾಬೈಟ್ ಬರೆಯುವ ತನಕ ಖಾತರಿ ಎಂದು ಕಂಪನಿಯೇ ಹೇಳುತ್ತದೆ, ಅದನ್ನು ಟಿಬಿಡಬ್ಲ್ಯು ಎನ್ನುತ್ತಾರೆ. ಕಡಿಮೆ ಬೆಲೆಯಲ್ಲಿ ಹೆಸರುವಾಸಿಯಾದ ಕಿಂಗ್‌ಸ್ಟನ್ ಎ400ರ 240 ಜಿಬಿ ಮಾದರಿಗೆ ಇದು 80, ಸ್ಯಾಮ್‌ಸಂಗ್ 870 ಇವೊದ 500 ಜಿಬಿಗೆ 300. ಮನೆಯಲ್ಲಿ ದಿನಕ್ಕೆ 20 ಜಿಬಿ ಬರೆಯುವುದೇ ಹೆಚ್ಚು. ಅಷ್ಟು ಬರೆದರೂ 80 ಟೆರಾಬೈಟ್ ಮುಗಿಯಲು ಸುಮಾರು 11 ವರ್ಷ ಬೇಕು, 300ಕ್ಕೆ 41 ವರ್ಷ. ಅಷ್ಟರಲ್ಲಿ ಬೋರ್ಡೇ ಇರುವುದಿಲ್ಲ. ನಾನು ಹೆಚ್ಚು ನೋಡುವುದು ವಾರಂಟಿಯನ್ನು. ಎ400ಕ್ಕೆ 3 ವರ್ಷ, 870 ಇವೊಗೆ 5. ಹೆಸರೇ ಕೇಳದ ಕಂಪನಿಯ 1 ಟಿಬಿಗಿಂತ ಹೆಸರಿರುವ ಕಂಪನಿಯ 500 ಜಿಬಿ ಮೇಲು.

ಇನ್ನೂ ಒಂದು ಸೂಕ್ಷ್ಮ. ಒಂದು ಕೋಶದಲ್ಲಿ ಮೂರು ಬಿಟ್ ತುಂಬುವ ಎಸ್‌ಎಸ್‌ಡಿ ಟಿಎಲ್‌ಸಿ, ನಾಲ್ಕು ತುಂಬುವುದು ಕ್ಯೂಎಲ್‌ಸಿ. ಕ್ಯೂಎಲ್‌ಸಿ ಅಗ್ಗ. ಆದರೆ ಒಮ್ಮೆಗೇ ಹತ್ತಾರು ಜಿಬಿ ವಿಡಿಯೋ ಸುರಿದರೆ ಸ್ವಲ್ಪ ಹೊತ್ತು ಓಡಿ ಆಮೇಲೆ ಏದುಸಿರು ಬಿಡುತ್ತದೆ, ಕೆಲವು ಹಾರ್ಡ್ ಡಿಸ್ಕಿಗಿಂತ ಕೆಳಗಿಳಿಯುತ್ತವೆ. ಗಿರಣಿಯ ಲೆಕ್ಕಕ್ಕೆ ಇದರಿಂದ ಏನೂ ಆಗದು. ಕುರುಗೋಡಿನ ಸ್ಟುಡಿಯೋಗೆ ಆಗುತ್ತದೆ.

240 ಜಿಬಿಯದು ತಂದರೆ ಪರದೆಯಲ್ಲಿ 223 ಎಂದೇ ತೋರಿಸುತ್ತದೆ, 500ರದು 465. ಮೋಸವಲ್ಲ, ಕಂಪನಿ ಸಾವಿರದಿಂದ ಎಣಿಸುತ್ತದೆ, ವಿಂಡೋಸ್ 1024ರಿಂದ. ಮೋಸ ಇರುವುದು ನಂಬಲಾರದ ಬೆಲೆಗೆ ಆನ್‌ಲೈನಿನಲ್ಲಿ ಸಿಗುವ 2 ಟಿಬಿ, 4 ಟಿಬಿ ಡಬ್ಬಿಗಳಲ್ಲಿ. ಒಳಗೆ ಸಣ್ಣ ಮೆಮೊರಿ ಕಾರ್ಡು ಇಟ್ಟು ದೊಡ್ಡ ಅಂಕಿ ತೋರಿಸುವಂತೆ ತಿದ್ದಿರುತ್ತಾರೆ. ತುಂಬುತ್ತಾ ಹೋದಂತೆ ಹಳೆಯದರ ಮೇಲೇ ಹೊಸದನ್ನು ಬರೆದು ಎರಡನ್ನೂ ಕೆಡಿಸುತ್ತದೆ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಪುಕ್ಕಟೆ ತಂತ್ರಾಂಶ ಇಡೀ ಡಿಸ್ಕ್ ತುಂಬಿಸಿ ಮತ್ತೆ ಓದಿ ಈ ಬಣ್ಣ ಬಯಲು ಮಾಡುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಓಡಿಸಿದರೆ ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂದು ಗೊತ್ತಾಗುತ್ತದೆ. ‘ಹೊಸದು’ ಎಂದು ಕೊಟ್ಟದ್ದು ಸಾವಿರಾರು ಗಂಟೆ ತೋರಿಸಿದರೆ ಅದು ಹೊಸದಲ್ಲ.

ಇಷ್ಟೆಲ್ಲ ಯಾವ ಊರಿಗಾದರೂ ಹೊಂದುವ ಮಾತು. ಬಳ್ಳಾರಿಗೆ ತನ್ನದೇ ಮೂರು ಸಂಗತಿಗಳಿವೆ: ಬಿಸಿಲು, ಧೂಳು, ಕರೆಂಟು.

ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಮನೆಬಳಕೆಯ ಎಸ್‌ಎಸ್‌ಡಿಗಳು ಸಾಮಾನ್ಯವಾಗಿ 70 ಡಿಗ್ರಿಯವರೆಗೆ ಕೆಲಸ ಮಾಡುವಂತೆ ತಯಾರಾಗಿರುತ್ತವೆ. ಸಾಟಾ ಎಸ್‌ಎಸ್‌ಡಿಗೆ ಇಲ್ಲಿಯ ಬೇಸಿಗೆ ದೊಡ್ಡ ಸವಾಲಲ್ಲ. ಎನ್‌ವಿಎಂಇ ಮಾತ್ರ ದುಡಿಯುವಾಗ ಚೆನ್ನಾಗಿ ಕಾಯುತ್ತದೆ, ಮಿತಿ ದಾಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಗಾಳಿಯಾಡದ ಮರದ ಕಂಪ್ಯೂಟರ್ ಟೇಬಲಿನ ಗೂಡಿನೊಳಗೆ ಪೆಟ್ಟಿಗೆ ಇಟ್ಟು, ಒಳಗೆ 7000 ಎಂಬಿಯ ಎನ್‌ವಿಎಂಇ ಹಾಕಿದರೆ ಬೆಲೆ ಕೊಟ್ಟ ವೇಗ ಮೇ ತಿಂಗಳಲ್ಲಿ ಸಿಗದು. ಪೆಟ್ಟಿಗೆಯನ್ನು ಗೂಡಿನಿಂದ ಹೊರಗಿಡಿ, ಅದಕ್ಕೆ ಖರ್ಚಿಲ್ಲ.

ಧೂಳು ಊರಿಗೊಂದು ಬಗೆ. ಅದಿರು ಲಾರಿ ಓಡುವ ರಸ್ತೆಯ ಪಕ್ಕ ಕೆಂಪು ಧೂಳು, ಜೀನ್ಸ್ ಹೊಲಿಯುವ ಮನೆಗಳಲ್ಲಿ ನೀಲಿ ನೂಲಿನ ಹತ್ತಿ, ಸಿರುಗುಪ್ಪದ ಗಿರಣಿಗಳ ಸುತ್ತ ಭತ್ತದ ಹೊಟ್ಟಿನ ಪುಡಿ. ಮೂರೂ ಫ್ಯಾನಿನ ರೆಕ್ಕೆ, ಹೀಟ್‌ಸಿಂಕಿನ ಸಂದು ಮುಚ್ಚುತ್ತವೆ. ಪ್ರೊಸೆಸರ್ ಬಿಸಿಯಾಗಿ ತಾನೇ ನಿಧಾನವಾದಾಗ ‘ರ‍್ಯಾಮ್ ಸಾಲದು’ ಎಂದು ತಿಳಿಯುವವರಿದ್ದಾರೆ. ಎಸ್‌ಎಸ್‌ಡಿ ಹಾಕಿಸುವ ದಿನವೇ ಬ್ಲೋವರ್ ಹೊಡೆಸಿ. ರ‍್ಯಾಮ್ ಸ್ಟಿಕ್ಕಿನ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ನಮ್ಮ ರಿಪೇರಿಯವರ ಹಳೇ ವಿದ್ಯೆಯನ್ನು ಕಂಡು ನಗುವವರಿದ್ದಾರೆ. ಆದರೆ ಬೀಪ್ ಬೀಪ್ ಎಂದು ಹೊಡೆದುಕೊಂಡು ಪರದೆ ಬಾರದ ಯಂತ್ರ ಎಷ್ಟೋ ಸಲ ಅಷ್ಟಕ್ಕೇ ಎದ್ದು ಕೂರುತ್ತದೆ, ಏಕೆಂದರೆ ಕಿಲುಬು, ಧೂಳು ಸೇರಿ ಸಂಪರ್ಕ ಕಡಿದಿರುತ್ತದೆ. ಒಣ ಹವೆಯಲ್ಲಿ ಮೈಮೇಲೆ ಸ್ಥಿರ ವಿದ್ಯುತ್ ಕೂಡುವುದರಿಂದ ಸ್ಟಿಕ್ ಮುಟ್ಟುವ ಮೊದಲು ಪೆಟ್ಟಿಗೆಯ ಲೋಹದ ಚೌಕಟ್ಟನ್ನೊಮ್ಮೆ ಮುಟ್ಟಬೇಕು, ರಬ್ಬರಿನ ಚೂರು ಸ್ಲಾಟಿನಲ್ಲಿ ಉಳಿಯಬಾರದು.

ಕರೆಂಟಿನ ಮಾತು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕುಡತಿನಿಯಲ್ಲಿ 1700 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವೇ ಇದ್ದರೂ ಸುತ್ತಲ ಹಳ್ಳಿಗಳಲ್ಲಿ ಕರೆಂಟು ಹೋಗುವುದು ಬರುವುದು ತಪ್ಪಿಲ್ಲ. ಎಸ್‌ಎಸ್‌ಡಿ ಯಾವ ಮಾಹಿತಿ ಯಾವ ಕೋಶದಲ್ಲಿದೆ ಎಂಬ ನಕ್ಷೆಯನ್ನು ತನ್ನೊಳಗೇ ಇಟ್ಟುಕೊಂಡು ಆಗಾಗ ತಿದ್ದುತ್ತಿರುತ್ತದೆ. ತಿದ್ದುವ ಹೊತ್ತಿಗೇ ಕರೆಂಟು ಹೋದರೆ ಆ ನಕ್ಷೆಯೇ ಕೆಟ್ಟು ಇಡೀ ಡಿಸ್ಕ್ ಕಾಣದಂತಾಗುವ ಅಪಾಯವಿದೆ. ದೊಡ್ಡ ಸರ್ವರುಗಳ ಎಸ್‌ಎಸ್‌ಡಿಗೆ ಇದಕ್ಕೆಂದೇ ಕೆಪಾಸಿಟರ್ ಇಟ್ಟಿರುತ್ತಾರೆ, ಮನೆಬಳಕೆಯದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. 16 ಜಿಬಿಯ ಬದಲು 8 ಜಿಬಿಯಲ್ಲೇ ನಿಂತು ಉಳಿದ ದುಡ್ಡಲ್ಲಿ 600 ವಿಎಯ ಒಂದು ಯುಪಿಎಸ್ ತನ್ನಿ ಎಂದು ನಾನು ಹೇಳುವುದು ಇದಕ್ಕೇ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಎನ್ನುವವರು ಅದರ ಬೆನ್ನಿನ ಸ್ವಿಚ್ ನೋಡಲಿ. ಬಹಳಷ್ಟು ಇನ್ವರ್ಟರುಗಳಲ್ಲಿ ‘ಇಕೋ’, ‘ಯುಪಿಎಸ್’ ಎಂದು ಎರಡು ವಿಧಾನಗಳಿರುತ್ತವೆ. ಕಂಪ್ಯೂಟರಿನ ಎಸ್‌ಎಂಪಿಎಸ್ ಕರೆಂಟು ಹೋದ ಮೇಲೆ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ಫ್ಯಾನು, ದೀಪಕ್ಕೆಂದು ಇರುವ ಇಕೋ ವಿಧಾನದಲ್ಲಿ ಇನ್ವರ್ಟರ್ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು. ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಳ್ಳಿದರೆ ಎಷ್ಟೋ ಮನೆಗಳಲ್ಲಿ ‘ಕರೆಂಟ್ ಹೋದಾಗೆಲ್ಲ ರೀಸ್ಟಾರ್ಟ್ ಆಗ್ತೈತಿ’ ಎಂಬ ದೂರು ನಿಲ್ಲುತ್ತದೆ.

ಹಾರ್ಡ್ ಡಿಸ್ಕ್ ಸಾಯುವ ಮುನ್ನ ಟಕ್ ಟಕ್ ಎಂದು ಸೂಚನೆ ಕೊಡುವುದುಂಟು. ಎಸ್‌ಎಸ್‌ಡಿ ಹೆಚ್ಚಾಗಿ ಸದ್ದಿಲ್ಲದೆ ಹೋಗುತ್ತದೆ, ಅಳಿಸಿದ ಫೈಲನ್ನು ಮರಳಿ ಪಡೆಯುವುದೂ ಅದರಲ್ಲಿ ಕಷ್ಟ. ಆದ್ದರಿಂದ ಕಳಚಿದ ಹಳೆಯ ಹಾರ್ಡ್ ಡಿಸ್ಕನ್ನು ಬಿಸಾಡಬೇಡಿ. ಡೆಸ್ಕ್‌ಟಾಪಾದರೆ ಪೆಟ್ಟಿಗೆಯಲ್ಲೇ ಎರಡನೆಯ ಡಿಸ್ಕಾಗಿ ಇರಲಿ, ಲ್ಯಾಪ್‌ಟಾಪಾದರೆ ಯುಎಸ್‌ಬಿ ಕವಚಕ್ಕೆ ಹಾಕಿಸಿ. ವಿಂಡೋಸ್, ತಂತ್ರಾಂಶಗಳು ಎಸ್‌ಎಸ್‌ಡಿಯಲ್ಲಿ. ಫೋಟೋ, ಟ್ಯಾಲಿಯ ಬ್ಯಾಕಪ್, ಪಹಣಿಯ ಸ್ಕ್ಯಾನ್ ಹಳೆಯ ಡಿಸ್ಕಿನಲ್ಲೂ ಒಂದು ಪ್ರತಿ. ಇದಕ್ಕೆ ವಿರುದ್ಧವಾಗಿ, ಮದುವೆಯ ಫೋಟೋ ತುಂಬಿದ ಎಸ್‌ಎಸ್‌ಡಿಯನ್ನು ಬೀರುವಿನಲ್ಲಿಟ್ಟು ಮರೆಯುವುದು ತಪ್ಪು. ಮೆಮೊರಿ ತಯಾರಕರ ಮಾನದಂಡ ಸಂಸ್ಥೆ ಜೆಡೆಕ್ ಮನೆಬಳಕೆಯ ಎಸ್‌ಎಸ್‌ಡಿಯಿಂದ ಬಯಸುವುದು ಇಷ್ಟು: ಬರೆಯುವ ಆಯುಸ್ಸು ತೀರಿದ ಮೇಲೂ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಉಳಿಯಬೇಕು. ಹೊಸದು ಇದಕ್ಕಿಂತ ಬಹಳ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ ನಿಜ. ಆದರೆ ಸೆಕೆ ಹೆಚ್ಚಾದಷ್ಟೂ ಆ ಅವಧಿ ಕುಗ್ಗುತ್ತದೆ, ಬಳ್ಳಾರಿಯ ತಗಡಿನ ಮಾಳಿಗೆಯ ಕೆಳಗಿನ ಬೀರು ಬೇಸಿಗೆಯಲ್ಲಿ 30 ಡಿಗ್ರಿಯಲ್ಲಿ ಇರುವುದಿಲ್ಲ.

ವಿಂಡೋಸಿನ ಪ್ರಶ್ನೆಗೆ ಮರಳಿದರೆ, ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೆಯ ತಲೆಮಾರು ಮತ್ತು ನಂತರದವನ್ನು, ಜೊತೆಗೆ ಟಿಪಿಎಂ 2.0 ಬೇಕು. ರ‍್ಯಾಮನ್ನು 32 ಮಾಡಿದರೂ ನಾಲ್ಕನೆಯ ತಲೆಮಾರು ಎಂಟನೆಯದಾಗುವುದಿಲ್ಲ. ಅಂಥ ಯಂತ್ರ ಇರುವವರು ವಿಂಡೋಸ್ 10ರಲ್ಲೇ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಆ ಮೇಲೆ ಲಿನಕ್ಸ್ ಮಿಂಟ್ ಉಂಟು, 4 ಜಿಬಿಯಲ್ಲೂ ಎಸ್‌ಎಸ್‌ಡಿ ಇದ್ದರೆ ಸರಾಗ, ಕನ್ನಡ ಟೈಪಿಂಗ್‌ಗೆ ಕೆಜಿಪಿ ವಿನ್ಯಾಸವೂ ಸಿಗುತ್ತದೆ. ಆದರೆ ಟ್ಯಾಲಿ, ನುಡಿ ಬಿಟ್ಟಿರಲಾರದವರಿಗೆ ಅದು ದಾರಿಯಲ್ಲ. ಅವರು ನಾಲ್ಕನೆಯ ತಲೆಮಾರಿನ ಯಂತ್ರಕ್ಕೆ 240 ಜಿಬಿಯ ಸಾಟಾ ಎಸ್‌ಎಸ್‌ಡಿ ಮಾತ್ರ ಹಾಕಿಸಿ ನಿಲ್ಲಲಿ. ಮುಂದೆ ಹೊಸ ಯಂತ್ರ ಬಂದಾಗ ಆ ಎಸ್‌ಎಸ್‌ಡಿ ಕಳಚಿ ಅದಕ್ಕೆ ಹಾಕಬಹುದು, ಡಿಡಿಆರ್3 ರ‍್ಯಾಮನ್ನು ಹಾಗೆ ಸಾಗಿಸಲಾಗದು.

ಸಿರುಗುಪ್ಪ, ಕುರುಗೋಡಿನಿಂದ ಬಳ್ಳಾರಿಗೆ ಬಂದು ಹಾಕಿಸುವವರು ಜಿಎಸ್‌ಟಿ ಬಿಲ್ಲಿನಲ್ಲಿ ಎಸ್‌ಎಸ್‌ಡಿಯ ಸೀರಿಯಲ್ ನಂಬರ್ ಬರೆಸಿಕೊಳ್ಳಲಿ. ಬಿಲ್ಲಿಲ್ಲದ ವಾರಂಟಿಗೆ ಮತ್ತೆ ಬಸ್ಸು ಹತ್ತಿ ಬಂದು ಜಗಳ ಆಡುವುದು ಯಾರಿಗೆ ಬೇಕು? ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ‘ಎಕ್ಸ್‌ಚೇಂಜ್’ ಎಂದು ಬಿಟ್ಟುಬರಬೇಡಿ. ಅದರಲ್ಲಿ ಮನೆಯವರೆಲ್ಲರ ಆಧಾರ್ ಪ್ರತಿ, ಪಾಸ್‌ಬುಕ್ಕು, ಬ್ರೌಸರಿನ ಪಾಸ್‌ವರ್ಡು ಇರುತ್ತವೆ, ಕ್ವಿಕ್ ಫಾರ್ಮ್ಯಾಟ್ ಹೊಡೆದರೆ ಅವು ಅಳಿಯುವುದಿಲ್ಲ. ಕೊಡಲೇಬೇಕೆಂದಿದ್ದರೆ ‘ಕ್ವಿಕ್’ ಎಂಬ ಗುರುತನ್ನು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿಸಿ. ವಿಂಡೋಸ್ ವಿಸ್ಟಾದಿಂದೀಚೆಗೆ ಅದು ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ. 1 ಟಿಬಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ಅಂಗಡಿಯವರಿಗೆ ಅಷ್ಟು ತಾಳ್ಮೆ ಇರದು, ಮನೆಯಲ್ಲೇ ರಾತ್ರಿ ಹಚ್ಚಿಟ್ಟು ಮಲಗಿ.